ಮಂಡಿನೋವು, ಉಪವಾಸ ಮತ್ತು ಕೈಮರದ ಏರು: ನನ್ನ ಅನುಭವ

ಎರಡು ವರ್ಷಗಳ ಹಿಂದೆ, ಚಿಕ್ಕಮಗಳೂರಿನ ಬಳಿಯ ಕೈಮರ ದಾಟಿ ಮುಳ್ಳಯ್ಯನಗಿರಿಯ ಏರು ಬಿಗಿಯಾಗುವಲ್ಲಿ ಸೈಕಲ್ಲಿನಿಂದ ಇಳಿದು, ಎಡ ಮಂಡಿಯನ್ನು ಹಿಡಿದುಕೊಂಡು ರಸ್ತೆಯ ಬದಿಯಲ್ಲಿ ಕುಳಿತಿದ್ದೆ. ಆಗ ನನಗೆ 47 ವರ್ಷ, ತೂಕ 94 ಕಿಲೋ. ಜೊತೆಗಿದ್ದವರು ಸೈಕಲ್ಲನ್ನು ಮಾರಿ ಬೆಳಗಿನ ನಡಿಗೆ ಹಿಡಿಯುವುದು ಲೇಸೆಂದರು. ಮನೆಯಲ್ಲಿಯೂ ಅದೇ ಮಾತು. ಈಗ ತೂಕ 79ರ ಆಸುಪಾಸಿನಲ್ಲಿದೆ. ಕಳೆದ ಚಳಿಗಾಲದಿಂದ ಈಚೆಗೆ ಅದೇ ಏರನ್ನು ಏಳೆಂಟು ಬಾರಿ ಕಾಲೂರದೆ ಹತ್ತಿದ್ದೇನೆ. ಅಂದು ಮಾರಲು ಹೇಳಿದವರಲ್ಲಿ ಇಬ್ಬರು ಈಗ ತಮ್ಮ ಸೀಟಿನ ಎತ್ತರವನ್ನು ತೋರಿಸಲು ನಮ್ಮ ಮನೆಗೇ ಬರುತ್ತಾರೆಂಬುದನ್ನು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ.

ಮೊದಲು ಹಣ ಹೋದ ದಾರಿಯನ್ನು ಹೇಳುತ್ತೇನೆ. ಮಂಡಿಪಟ್ಟಿಗೆ ಎಂಟುನೂರು, ಒಂದು ವಾರದ ಎಣ್ಣೆ ತಿಕ್ಕುವ ಚಿಕಿತ್ಸೆಗೆ ಆರು ಸಾವಿರದಷ್ಟು, ಕ್ಲೀಟ್ ಶೂ (ಅಡಿಯಲ್ಲಿ ಪೆಡಲ್ಲಿಗೆ ಸಿಕ್ಕಿಕೊಳ್ಳುವ ಕ್ಲೀಟ್ ಎಂಬ ತುಂಡಿರುವ ಶೂ) ಮತ್ತು ಪೆಡಲ್ಲಿಗೆ ಒಂಬತ್ತು ಸಾವಿರ. ಕ್ಲೀಟನ್ನು ನಾನೇ ಸೊಟ್ಟಗೆ ಬಿಗಿದಿದ್ದರಿಂದ ನೋವು ಇಮ್ಮಡಿಯಾಯಿತು. ಮಾತ್ರೆ, ಡಬ್ಬದ ಪುಡಿ ಎಲ್ಲ ಸೇರಿ ಇಪ್ಪತ್ತು ಸಾವಿರ ದಾಟಿರಬೇಕು. ಕೊನೆಗೆ ಉಪಕಾರವಾದದ್ದು ಎರಡರಿಂದ. ಏರಿನಲ್ಲಿ ಗೇರು ಹಗುರವಾಗಲೆಂದು ಹಿಂದಿನ ಕ್ಯಾಸೆಟ್ಟನ್ನು, ಎಂದರೆ ಹಿಂಗಾಲಿಯ ಹಲ್ಲುಚಕ್ರಗಳ ಗೊಂಚಲನ್ನು, ಬದಲಾಯಿಸಿ ಅದರ ದೊಡ್ಡ ಚಕ್ರವನ್ನು 28 ಹಲ್ಲಿನಿಂದ 34ಕ್ಕೆ ಏರಿಸಿದೆ. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಉದ್ದ ಕೇಜಿನ ಡಿರೇಲರ್ ಮತ್ತು ಚೈನ್ ಸೇರಿ ನಾಲ್ಕು ಸಾವಿರದ ಒಳಗೆ ಮುಗಿಯಿತು. ಸೀಟನ್ನು ಎರಡು ಸೆಂಟಿಮೀಟರಿನಷ್ಟು ಏರಿಸಿದೆ. ಅದಕ್ಕೆ ಖರ್ಚಿಲ್ಲ, ಅಲೆನ್ ಕೀ ಸಾಕು. ಉತ್ಸಾಹದಲ್ಲಿ ಮೊದಲು ಮೂರೂವರೆ ಸೆಂಟಿಮೀಟರ್ ಏರಿಸಿದ್ದೆ. ಮಂಡಿಚಿಪ್ಪಿನ ಮುಂದಿದ್ದ ನೋವು ಮಂಡಿಯ ಹಿಂದಕ್ಕೆ ಹೋದಾಗ ತಪ್ಪು ತಿಳಿದು ಇಳಿಸಿದೆ.

ಉಪವಾಸದಲ್ಲಿ ಎರಡು ಬಾರಿ ಸೋತೆ. ಮೊದಲನೆಯದು ಏಕಾದಶಿಯಂದು ಆರಂಭಿಸಿದ, ಬರೀ ನೀರಿನ ಮೂವತ್ತಾರು ಗಂಟೆಗಳ ಉಪವಾಸ. ಒಂದೇ ವಾರದಲ್ಲಿ ಎರಡು ಸಲ ಮಾಡಿ ಮೂರು ಕಿಲೋ ಇಳಿದೆನೆಂದು ಊರೆಲ್ಲ ಹೇಳಿಕೊಂಡು ಬಂದೆ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ತನ್ನ ತೂಕದ ಮೂರರಷ್ಟು ನೀರನ್ನು ಹಿಡಿದಿರುತ್ತದೆ, ಇಳಿದದ್ದರಲ್ಲಿ ಹೆಚ್ಚಿನದು ಆ ನೀರೇ ಎಂಬುದು, ಎರಡು ದಿನ ಅಕ್ಕಿರೊಟ್ಟಿ ತಿಂದು ಎರಡು ಕಿಲೋ ಮರಳಿ ಬಂದಾಗ ಅರ್ಥವಾಯಿತು.

ಎರಡನೆಯ ಸೋಲು ದೊಡ್ಡದು. ದಿನವೂ ಹದಿನಾರು ಗಂಟೆ ಉಪವಾಸವಿದ್ದು, ವಾರಕ್ಕೆ ಮೂರು ಬಾರಿ ಖಾಲಿ ಹೊಟ್ಟೆಯಲ್ಲಿಯೇ ಏರು ಹತ್ತಿದೆ. ರಾತ್ರಿಯ ಊಟವೆಂದರೆ ಮೊಸರನ್ನ. ಎರಡು ತಿಂಗಳಲ್ಲಿ ಆರು ಕಿಲೋ ನಿಜವಾಗಿಯೇ ಇಳಿಯಿತು, ಆದರೆ ನೋವು ಹೆಚ್ಚಿತು. ದರ್ಜಿಯ ಟೇಪಿನಲ್ಲಿ ಅಳೆದರೆ ಎಡತೊಡೆ ಒಂದೂವರೆ ಅಂಗುಲ ಸಣ್ಣಗಾಗಿತ್ತು. ಮಂಡಿಚಿಪ್ಪನ್ನು ಅದರ ಜಾಡಿನಲ್ಲಿ ಹಿಡಿದಿಡುವುದು ತೊಡೆಯ ಮುಂಭಾಗದ ಸ್ನಾಯು. ನಾನು ಕೊಬ್ಬಿನ ಜೊತೆಗೆ ಅದನ್ನೂ ಕರಗಿಸಿಕೊಂಡಿದ್ದೆ.

ನಡೆಯುವವನ ಲೆಕ್ಕವೇ ಬೇರೆ, ಸೈಕಲ್ಲಿನವನ ಲೆಕ್ಕವೇ ಬೇರೆ ಎಂಬುದನ್ನು ನಮ್ಮವರು ಮರೆಯುತ್ತಾರೆ. ಸೀಟಿನ ಮೇಲೆ ಕುಳಿತವನ ಮೈಭಾರವನ್ನು ಬಹುಮಟ್ಟಿಗೆ ಸೀಟೇ ಹೊರುತ್ತದೆ. ಆ ಭಾರ ಮಂಡಿಗೆ ತಗಲುವುದು ಏರಿನಲ್ಲಿ, ಅದರಲ್ಲಿಯೂ ಗೇರು ಭಾರವಾಗಿ ಪೆಡಲ್ ನಿಮಿಷಕ್ಕೆ ನಲವತ್ತೈದು ಸುತ್ತಿಗೆ ಇಳಿದಾಗ. ಹಗುರವಾದ ಗೇರಿನಲ್ಲಿ ಎಪ್ಪತ್ತರ ಮೇಲೆ ತುಳಿದರೆ, 88 ಕಿಲೋ ಇದ್ದಾಗಲೂ ನೋವು ಅರ್ಧಕ್ಕರ್ಧ ಕಡಿಮೆಯಿತ್ತು. ಆದ್ದರಿಂದ ಮೊದಲು ಗೇರು, ಆಮೇಲೆ ತೂಕ ಎಂಬುದು ನನ್ನ ಅಭಿಪ್ರಾಯ.

ಫಲಿಸಿದ ಕ್ರಮ ಸರಳವಾದದ್ದು. ಏರು ಹತ್ತುವ ದಿನ ಉಪವಾಸವಿಲ್ಲ. ಬೆಳಗಿನ ಐದೂವರೆಗೆ ಎರಡು ಬಾಳೆಹಣ್ಣು ಮತ್ತು ಒಂದು ಲೋಟ ರಾಗಿ ಅಂಬಲಿ, ಮರಳಿದ ಮೇಲೆ ಮೂರು ಮೊಟ್ಟೆ ಅಥವಾ ಹುರುಳಿಕಾಳಿನ ಉಸಲಿ. ಸೈಕಲ್ ಮುಟ್ಟದ ದಿನಗಳಲ್ಲಿ, ಇಲ್ಲವೇ ಕಡೂರಿನ ಕಡೆಗೆ ನಿಧಾನವಾಗಿ ಹೋಗಿಬರುವ ದಿನಗಳಲ್ಲಿ, ಸಂಜೆ ಏಳರಿಂದ ಮರುದಿನ ಹನ್ನೆರಡರವರೆಗೆ ಉಪವಾಸ. ವಾರಕ್ಕೆ ಮೂರು ಬಾರಿ, ಅದಕ್ಕಿಂತ ಹೆಚ್ಚಿಲ್ಲ. ಜೊತೆಗೆ ಜಗಲಿಯ ಮೆಟ್ಟಿಲಿನಿಂದ ಒಂದೇ ಕಾಲಿನ ಬಲದಲ್ಲಿ, ಮನಸ್ಸಿನಲ್ಲಿ ನಾಲ್ಕು ಎಣಿಸುತ್ತ ಇಳಿಯುವ ವ್ಯಾಯಾಮ. ತಿಂಗಳಿಗೆ ಒಂದು, ಒಂದೂಕಾಲು ಕಿಲೋ ಇಳಿಯಿತು. ತೊಡೆ ಮತ್ತೆ ತುಂಬಿತು.

ನಡುವೆ ಕಾಫಿಯ ಪ್ರಯೋಗವನ್ನೂ ಮಾಡಿದೆ. ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ ಮಾಡುವವನಿಗೆ ಪುಡಿಗೆ ಬರವಿಲ್ಲ. ಉಪವಾಸದ ಬೆಳಿಗ್ಗೆ ಹಾಲು, ಸಕ್ಕರೆ ಇಲ್ಲದ ಕಾಫಿ ಎರಡು ಲೋಟದವರೆಗೆ ಹಸಿವನ್ನು ತಡೆಯುತ್ತದೆ, ಮೂರನೆಯದಕ್ಕೆ ಎದೆಯುರಿ. ಚಿಕೋರಿ ಬೆರೆತದ್ದನ್ನು ಬಿಟ್ಟು ಬರೀ ಅರೇಬಿಕಾ ಕುಡಿದರೂ ಉರಿ ತಪ್ಪಲಿಲ್ಲ. ಹನ್ನೊಂದು ಗಂಟೆಯ ಹೊತ್ತಿನ ತಲೆನೋವಿಗೆ ಉಪ್ಪು ಹಾಕಿದ ನೀರುಮಜ್ಜಿಗೆಯೇ ಮದ್ದು. ಇದರಿಂದ ಉಪವಾಸ ಕೆಟ್ಟಿತೆನ್ನುವವರು ಎನ್ನಲಿ, ತೂಕವಂತೂ ಇಳಿಯಿತು.

ಎಡ ಕ್ಲೀಟನ್ನು ಎಷ್ಟು ತಿರುಗಿಸಿದೆನೆಂಬುದನ್ನೂ, ಏರಿನ ನಡುವೆ ಕುಡಿಯುವ ಹುರುಳಿಕಟ್ಟಿನ ಪ್ರಮಾಣವನ್ನೂ ಇಲ್ಲಿ ಬರೆಯುವುದಿಲ್ಲ. ಸೈಕಲ್ ತಂದವರಿಗೆ ತೋರಿಸುತ್ತೇನೆ. ಈ ಸಲ ಮಳೆ ಹಿಡಿದ ಮೇಲೆ ಐದು ವಾರ ಸವಾರಿ ತಪ್ಪಿ ತೂಕ 81ಕ್ಕೆ ಏರಿತ್ತು. ಮೆಟ್ಟಿಲಿನ ವ್ಯಾಯಾಮವನ್ನು ಬಿಡದಿದ್ದುದರಿಂದ ಮಂಡಿ ಮಾತ್ರ ನೋಯಲಿಲ್ಲ.