ಕುಡಿಯಬೇಕೆನ್ನಿಸುವ ಹೊತ್ತನ್ನು ದಾಟುವುದು ಹೇಗೆ

ಮೊದಲೇ ಒಂದು ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವವರು, ಬೆಳಿಗ್ಗೆ ಎದ್ದರೆ ಕೈ ನಡುಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಒಂದೇ ಏಟಿಗೆ ನಿಲ್ಲಿಸಬಾರದು. ಮದ್ಯವು ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಬಲ ಹೆಚ್ಚಿಸಿ, ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ಹೀಗಾದರೆ ಮಿದುಳು ಅದಕ್ಕೆ ಎದುರಾಗಿ ತನ್ನ ಕೆರಳುವಿಕೆಯನ್ನೇ ಏರಿಸಿಕೊಂಡಿರುತ್ತದೆ. ಮದ್ಯ ಥಟ್ಟನೆ ನಿಂತರೆ ಆ ಕೆರಳುವಿಕೆಗೆ ತಡೆಯೇ ಇರುವುದಿಲ್ಲ. ನಡುಕ, ಬೆವರು ಸಾಮಾನ್ಯವಾಗಿ 6ರಿಂದ 24 ಗಂಟೆಯೊಳಗೆ ಶುರು. ಫಿಟ್ಸ್ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಗೊಂದಲ, ಇಲ್ಲದ್ದು ಕಾಣುವುದು 2ರಿಂದ 4ನೇ ದಿನ. ಇದು ಜೀವಕ್ಕೇ ಅಪಾಯ. ಇಂಥವರು ವೈದ್ಯರ ನಿಗಾದಲ್ಲೇ ಬಿಡಬೇಕು. ಥಯಾಮಿನ್ (ವಿಟಮಿನ್ ಬಿ1) ಕೊಡಬೇಕೇ ಎಂಬುದನ್ನೂ ಅವರೇ ನೋಡುತ್ತಾರೆ.

ಉಳಿದವರ ಕಷ್ಟ ಬೇರೆ: ಕುಡಿಯಬೇಕೆಂಬ ಸೆಳೆತ. ನಡುಮಿದುಳಿನ ವೆಂಟ್ರಲ್ ಟೆಗ್ಮೆಂಟಲ್ ಭಾಗದ ನರಕೋಶಗಳು ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಇನ್ನೊಂದು ಭಾಗಕ್ಕೆ ಡೋಪಮೈನ್ ಎಂಬ ರಾಸಾಯನಿಕ ಕಳಿಸುತ್ತವೆ. ಮದ್ಯ ಒಳಹೋದಾಗ ಹೊರಬರುವ ಎಂಡಾರ್ಫಿನ್ (ದೇಹವೇ ತಯಾರಿಸುವ ಮಾರ್ಫಿನ್‌ನಂಥ ವಸ್ತು) ಈ ಕೋಶಗಳ ಮೇಲಿನ ಹಿಡಿತ ಸಡಿಲಿಸುತ್ತದೆ, ಡೋಪಮೈನ್ ಏರುತ್ತದೆ. ಡೋಪಮೈನನ್ನು ಖುಷಿಯ ರಾಸಾಯನಿಕ ಎಂದು ಕರೆದು ಮುಗಿಸುವುದು ವಾಡಿಕೆ, ಆದರೆ ಅದರ ಮುಖ್ಯ ಕೆಲಸ ಕಲಿಸುವುದು: ಇದು ಬೇಕಾದದ್ದು, ಇದರ ಮುಂಚೆ ಏನೇನು ನಡೆಯಿತು ನೆನಪಿಟ್ಟುಕೋ, ಎಂದು. ಕಲಿತಾದ ಮೇಲೆ ಡೋಪಮೈನ್ ಮುಂಗುರುತಿಗೇ ಜಿಗಿಯುತ್ತದೆ. ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವ ಸದ್ದು, ಫ್ರಿಜ್ಜಿನಿಂದ ಐಸ್ ಟ್ರೇ ತೆಗೆಯುವುದು, ಒಬ್ಬ ಗೆಳೆಯನ ಫೋನ್: ಇಷ್ಟಕ್ಕೇ ಬಾಯಲ್ಲಿ ನೀರೂರುತ್ತದೆ. ಇತ್ತ ಹೆಚ್ಚು ಕುಡಿಯುವವರಲ್ಲಿ ಡೋಪಮೈನ್ ಬಂದು ಕೂರುವ ಜಾಗಗಳು (ಗ್ರಾಹಕಗಳು) ಕಡಿಮೆಯಾಗಿರುತ್ತವೆ. ಕುಡಿದರೆ ಹಿಂದಿನಷ್ಟು ಸುಖವಿಲ್ಲ, ಆಸೆ ಮಾತ್ರ ಇಳಿದಿಲ್ಲ.

ಹಾಗಾಗಿ ಒಂದು ವಾರ ಏನನ್ನೂ ಬದಲಿಸದೆ ಬರೆದಿಡಿ. ಎಷ್ಟು ಗಂಟೆಗೆ ಅನ್ನಿಸಿತು, ಅದಕ್ಕೆ ಮುಂಚಿನ ಹತ್ತು ನಿಮಿಷದಲ್ಲಿ ಏನು ಮಾಡುತ್ತಿದ್ದಿರಿ, ಎಷ್ಟು ಕುಡಿದಿರಿ. ಪ್ರಮಾಣವನ್ನು ಗ್ಲಾಸಿನಲ್ಲಿ ಅಳೆಯಬೇಡಿ, ಗ್ರಾಂನಲ್ಲಿ ಲೆಕ್ಕ ಹಾಕಿ: ಮಿಲಿ × ಬಾಟಲಿಯ ಮೇಲಿನ ಮದ್ಯದ ಶೇಕಡಾ × 0.789 (ಒಂದು ಮಿಲಿ ಶುದ್ಧ ಮದ್ಯಸಾರದ ತೂಕ, ಗ್ರಾಂನಲ್ಲಿ) ÷ 100. ಶೇ 40ರ 60 ಮಿಲಿ ವಿಸ್ಕಿಯಲ್ಲಿ ಸುಮಾರು 19 ಗ್ರಾಂ. ಶೇ 8ರ 500 ಮಿಲಿ ಬಿಯರಿನಲ್ಲಿ ಸುಮಾರು 32. 'ನಾನು ಬರೀ ಬಿಯರು' ಎನ್ನುವವರು ಈ ಲೆಕ್ಕ ಮಾಡಿದ ದಿನ ಸುಮ್ಮನಾಗುತ್ತಾರೆ.

ವಾರದ ಪಟ್ಟಿಯಲ್ಲಿ ಪದೇ ಪದೇ ಬಂದ ಒಂದೇ ಒಂದು ಮುಂಗುರುತನ್ನು ಹಿಡಿಯಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಹೊರಟರೆ ಮೂರನೇ ದಿನಕ್ಕೆ ಕೈಚೆಲ್ಲುತ್ತೀರಿ. ಮನೆಯಲ್ಲಿ ಬಾಟಲಿ ಇಡಬೇಡಿ, ಬರುವ ದಾರಿ ಬದಲಿಸಿ, ಆ ಹೊತ್ತಿಗೆ ಹೊಟ್ಟೆ ತುಂಬ ಊಟ ಮಾಡಿ. ಹಸಿವು ಸೆಳೆತವನ್ನು ಬಲಪಡಿಸುತ್ತದೆ. ಸೆಳೆತ ಎದ್ದರೆ ವಾದ ಮಾಡದೆ ಗಡಿಯಾರ ನೋಡಿ. ಹೆಚ್ಚಿನ ಸೆಳೆತ ಏರಿ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಕೈಗೆ, ಕಾಲಿಗೆ ಕೆಲಸ ಕೊಡಿ: ನಡೆಯಿರಿ, ಪಾತ್ರೆ ತೊಳೆಯಿರಿ, ಯಾರಿಗಾದರೂ ಫೋನ್ ಮಾಡಿ. ಮುಂಗುರುತು ಬಂದೂ ಮದ್ಯ ಬಾರದ ಪ್ರತಿ ಸಲವೂ ಆ ಹಳೆಯ ಕಲಿಕೆಯ ಬಲ ಕುಗ್ಗುತ್ತದೆ. ನಾಲ್ಕು ದಿನ ತಡೆದು ಐದನೇ ದಿನ ಒಂದು ಗುಟುಕು ಕೊಟ್ಟರೆ ತೊಂದರೆ, ಯಾಕೆಂದರೆ ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನಕ್ಕೆ ಅಂಟಿದ ಅಭ್ಯಾಸ ಅಳಿಸಲು ಇನ್ನೂ ಕಷ್ಟ. ಹಾಗೆಂದು ಜಾರಿದವರು ಬಾಟಲಿ ಮುಗಿಸಬೇಕಿಲ್ಲ, ಅಲ್ಲೇ ನಿಲ್ಲಿಸಿ.

ಮೊದಲ ಕೆಲವು ವಾರ ಯಾವುದೂ ರುಚಿಸುವುದಿಲ್ಲ, ನಿದ್ದೆ ಕೆಡುತ್ತದೆ. ಇದನ್ನು ಮದ್ಯವಿಲ್ಲದ ಬದುಕೇ ಹೀಗೆ ಎಂದು ತಿಳಿದು ಹಲವರು ವಾಪಸ್ ಹೋಗುತ್ತಾರೆ. ಮಿದುಳು ಹೊಂದಿಕೊಳ್ಳುವ ಕಾಲ ಅದು. ನಿದ್ದೆಗಾಗಿ ಒಂದು ಪೆಗ್ ಎಂಬುದೂ ಮೋಸವೇ: ಬೇಗ ನಿದ್ದೆ ಬರುತ್ತದೆ, ರಾತ್ರಿಯ ಎರಡನೇ ಅರ್ಧ ಒಡೆಯುತ್ತದೆ.

ಇಷ್ಟಾದರೂ ಆಗದಿದ್ದರೆ ಮಾತ್ರೆಗಳಿವೆ, ಕೇಳಲು ನಾಚಿಕೆ ಬೇಡ. ನಾಲ್ಟ್ರೆಕ್ಸೋನ್ ಎಂಡಾರ್ಫಿನ್ ಕೂರುವ ಜಾಗವನ್ನೇ ತಡೆದು ಮದ್ಯದ ಸುಖ ತಗ್ಗಿಸುತ್ತದೆ. ಸಾಮಾನ್ಯ ಪ್ರಮಾಣ ದಿನಕ್ಕೆ 50 ಮಿಲಿಗ್ರಾಂ. ಮಾರ್ಫಿನ್ ಜಾತಿಯ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಆಗದು, ಲಿವರ್ ಪರೀಕ್ಷೆಯೂ ಬೇಕು. ಡೈಸಲ್ಫಿರಾಮ್ ದಾರಿಯೇ ಬೇರೆ: ಸೆಳೆತವನ್ನು ಮುಟ್ಟುವುದಿಲ್ಲ, ಕುಡಿದರೆ ಮುಖ ಕೆಂಪಾಗಿ ವಾಂತಿ, ಎದೆಬಡಿತ ಬರಿಸುತ್ತದೆ. ಮನೆಯವರು ಇದನ್ನು ಗುಟ್ಟಾಗಿ ಊಟಕ್ಕೆ ಬೆರೆಸುವುದು ಪ್ರಾಣಕ್ಕೆ ಸಂಚಕಾರ. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಕುಡಿದರೆ ಆ ಪ್ರತಿಕ್ರಿಯೆ ಬರಬಹುದು.