ಒಂದು ಗಂಟೆ ಐದು ನಿಮಿಷದ ಮಂಗಳೂರು

ನಾಗರಬಾವಿಯ ಮನೆಯಿಂದ ಉಪ್ಪಿನಂಗಡಿಗೆ ರಸ್ತೆಯಲ್ಲಿ ಹತ್ತಿರಹತ್ತಿರ 300 ಕಿ.ಮೀ. ವರ್ಷಗಟ್ಟಲೆ ರಾತ್ರಿ ಬಸ್ಸಿನಲ್ಲೇ ಓಡಾಡಿದವನು ನಾನು. ಅಮ್ಮನಿಗೆ ಮಂಡಿನೋವು ಜೋರಾದ ಮೇಲೆ ಶಿರಾಡಿಯ ತಿರುವುಗಳಲ್ಲಿ ಕೂರಿಸಿಕೊಂಡು ಹೋಗಲು ಮನಸ್ಸಾಗಲಿಲ್ಲ. ಮಂಗಳೂರಿಗೆ ವಿಮಾನದ ಟಿಕೆಟ್ ತೆಗೆದೆ. ಪ್ರಯಾಣದ ಸಮಯ 1 ಗಂಟೆ 5 ನಿಮಿಷ ಅಂತಿತ್ತು. ದೂರ ಎಷ್ಟೆಂದು ಮಾತ್ರ ಇರಲಿಲ್ಲ.

ನಾನೇ ಲೆಕ್ಕ ಹಾಕಿದೆ. ಮ್ಯಾಪಿನಲ್ಲಿ ದೇವನಹಳ್ಳಿ ನಿಲ್ದಾಣದ ರೇಖಾಂಶ 77.71, ಬಜಪೆಯದ್ದು 74.89. ವ್ಯತ್ಯಾಸ 2.82 ಡಿಗ್ರಿ. ಸಮಭಾಜಕದ ಮೇಲೆ ಒಂದು ಡಿಗ್ರಿಗೆ 111 ಕಿ.ಮೀ. ಚಿಲ್ಲರೆ, ನಮ್ಮ 13ರ ಅಕ್ಷಾಂಶಕ್ಕೆ ಬರುವಾಗ ಅದು 108.5ಕ್ಕೆ ಇಳಿದಿರುತ್ತದೆ. ಗುಣಿಸಿದರೆ 306. ಉತ್ತರ-ದಕ್ಷಿಣದ ವ್ಯತ್ಯಾಸ ಬರೀ 26 ಕಿ.ಮೀ. ಹೈಸ್ಕೂಲಿನ ಪೈಥಾಗೊರಸ್ ಸಾಕು: 307.

ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತದಲ್ಲ, 23 ನಿಮಿಷ ಸಾಲದೇ? ಸಾಲದು. ಆ ವೇಗ ಮೇಲೆ ಏರಿ ಆದಮೇಲಿನದ್ದು. ಇಷ್ಟು ಹತ್ತಿರದ ದಾರಿಯಲ್ಲಿ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಚಕ್ರ ನೆಲ ಬಿಟ್ಟಾಗ ವಾಚು ನೋಡಿದೆ, 8.19. ನೆಲ ಮುಟ್ಟಿದ್ದು 9.02ಕ್ಕೆ. ಹಾರಿದ್ದು 43 ನಿಮಿಷ. ಟಿಕೆಟಿನ ಸಮಯ ನಿಂತ ಜಾಗ ಬಿಟ್ಟಲ್ಲಿಂದ ಮತ್ತೆ ನಿಲ್ಲುವ ತನಕದ್ದು. ರನ್‌ವೇಗೆ ತೆವಳುವುದು, ಸರದಿ ಕಾಯುವುದು ಎಲ್ಲ ಅದರೊಳಗೇ.

ಘಟ್ಟ ದಾಟಿ ವಿಮಾನ ತಗ್ಗತೊಡಗಿದಾಗ ಅಮ್ಮ ಕಿಟಕಿಗೆ ಹಣೆ ತಾಗಿಸಿ ಕೂತಿದ್ದರು. "ಕೆಳಗೆ ಕಾಣುವುದು ಉಪ್ಪಿನಂಗಡಿಯೋ ಏನೋ ಮಗಾ, ಇಲ್ಲೇ ಇಳಿಸ್ಲಿಕ್ಕೆ ಹೇಳು" ಅಂದರು. ತಮಾಷೆಗೆ ಅಂದದ್ದು, ಆದರೆ ನನ್ನ ಲೆಕ್ಕದಲ್ಲಿದ್ದ ತಪ್ಪು ಅದೇ. ಊರು ನಿಜಕ್ಕೂ ಎಡಕ್ಕೆ ಇಪ್ಪತ್ತು ಕಿ.ಮೀ. ಒಳಗೇ ಇತ್ತು. ನಾವು ಅದನ್ನು ದಾಟಿ, ಕಡಲ ಮೇಲೆ ತಿರುಗಿ ಬಜಪೆಯಲ್ಲಿ ಇಳಿದು, ಟ್ಯಾಕ್ಸಿ ಮಾಡಿ ಐವತ್ತಕ್ಕೂ ಹೆಚ್ಚು ಕಿ.ಮೀ. ಮತ್ತೆ ಪೂರ್ವಕ್ಕೇ ಬರಬೇಕು. ಬೆಳಿಗ್ಗೆಯೂ ಹಾಗೆಯೇ: ಪಶ್ಚಿಮಕ್ಕೆ ಹೋಗಬೇಕಾದವರು ಈಶಾನ್ಯದ ದೇವನಹಳ್ಳಿಗೆ ಓಡಿದ್ದೆವು.

ಮನೆ ಬಿಟ್ಟದ್ದು 5 ಗಂಟೆಗೆ, ಊರಿನ ಅಂಗಳ ಮುಟ್ಟಿದ್ದು 11.10ಕ್ಕೆ. ಬಸ್ಸಿಗೆ ಏಳು ಗಂಟೆ. ಮೂರು ಪಟ್ಟು ದುಡ್ಡು ಕೊಟ್ಟು ಉಳಿಸಿದ್ದು ಐವತ್ತು ನಿಮಿಷ! ಅಮ್ಮನ ಮಂಡಿಗೆ ಆರಾಮವಾಯಿತು, ಅದಕ್ಕೆ ಬೆಲೆ ಕಟ್ಟಲಾರೆ. ಒಬ್ಬನೇ ಹೋಗುವಾಗ ನನಗೆ ಬಸ್ಸೇ ಸರಿ. ಮಂಗಳೂರು ಪೇಟೆಯಲ್ಲೇ ಕೆಲಸವಿದ್ದು, ಮನೆ ಹೆಬ್ಬಾಳದ ಕಡೆಗಿದ್ದರೆ ಮಾತು ಬೇರೆ.

ಶಿರಾಡಿ ಬಂದ್ ಆದಾಗಲೂ ಲೆಕ್ಕ ಬದಲಾಗುತ್ತದೆ. 2018ರಲ್ಲಿ ಕಾಂಕ್ರೀಟ್ ಹಾಕಲಿಕ್ಕೆಂದು ತಿಂಗಳುಗಟ್ಟಲೆ ಮುಚ್ಚಿದ್ದರು, ಬೇರೆ ಘಾಟಿ ಸುತ್ತಿ ಹೋಗಿ ಸಾಕಾಗಿತ್ತು. ಆದರೆ ಘಾಟಿ ಮುಚ್ಚಿಸುವ ಮಳೆ ಬಜಪೆಯನ್ನೂ ಬಿಡುವುದಿಲ್ಲ. ಅದು ಗುಡ್ಡದ ತಲೆ ಕಡಿದು ಮಾಡಿದ ನಿಲ್ದಾಣ. ಒಂದು ಜುಲೈಯಲ್ಲಿ ಮೋಡದೊಳಗೆ ಮೂರು ಸುತ್ತು ಹೊಡೆದು, ರನ್‌ವೇ ಕಾಣದೆ ನಮ್ಮ ವಿಮಾನ ವಾಪಸ್ ದೇವನಹಳ್ಳಿಗೇ ಬಂತು. ಆರುನೂರು ಕಿ.ಮೀ.ಗಿಂತ ಹೆಚ್ಚು ಹಾರಿ, ಹೊರಟಲ್ಲೇ ಇಳಿದೆ. ರಾತ್ರಿ ಕೆಂಗೇರಿಯಲ್ಲಿ ಬಸ್ಸು ಹತ್ತಿದೆ.