ಲೈನಿನಲ್ಲಿ ಒಬ್ಬರು ಮಂಕಾದಾಗ: ಗಾರ್ಮೆಂಟ್ಸ್ ಸೂಪರ್‌ವೈಸರುಗಳು ಮಾಡಬೇಕಾದದ್ದು

ಗಾರ್ಮೆಂಟ್ಸ್‌ನಲ್ಲಿ 'ನನಗೆ ಖಿನ್ನತೆ' ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ತಲೆಭಾರ, ಎದೆ ಡವಡವ, ನಿದ್ದೆ ಬರಲ್ಲ, ಊಟ ಸೇರಲ್ಲ ಅನ್ನುತ್ತಾರೆ. ಕಾಯಿಲೆಗೆ ಹೆಸರಿಡುವುದು ಡಾಕ್ಟರ ಕೆಲಸ. ನೀವು ನೋಡಬೇಕಾದದ್ದು ಬದಲಾವಣೆಯನ್ನು: ಟಾರ್ಗೆಟ್ ಸಲೀಸಾಗಿ ಮುಗಿಸುತ್ತಿದ್ದವರ ಕೈಯಲ್ಲಿ ಆಲ್ಟರ್ ಪೀಸ್ (ಹೊಲಿಗೆ ತಪ್ಪಿ ಮತ್ತೆ ಸರಿಮಾಡಬೇಕಾದದ್ದು) ಹೆಚ್ಚುವುದು, ಡಬ್ಬಿ ಬಿಚ್ಚದೆ ವಾಪಸ್ ಹೋಗುವುದು, ಮಾತುಗಾರರು ಸುಮ್ಮನಾಗುವುದು. ಇದು ಎರಡು ವಾರ ಎಳೆದರೆ ಮಾತಾಡಿಸಿ.

ಮಾತಾಡಿಸುವ ಮೊದಲು ಅವರ ಮಷಿನ್‌ಗೆ ಬೇರೊಬ್ಬ ಟೈಲರನ್ನು ಕೂರಿಸಿ. ಇಲ್ಲದಿದ್ದರೆ ಬಂಡಲ್ ರಾಶಿ ಬಿದ್ದು ಇಡೀ ಲೈನ್ 'ಎಲ್ಲಿ ಹೋದಳು' ಎಂದು ಕೇಳುತ್ತದೆ, ಗುಟ್ಟು ಅಲ್ಲೇ ಒಡೆಯುತ್ತದೆ. ಫ್ಲೋರಿನಿಂದ ದೂರ, ಹದಿನೈದು ನಿಮಿಷ. ಅವರು ಬಯಸಿದರೆ ನಂಬಿಕೆಯ ಒಬ್ಬ ಹೆಂಗಸು ಜೊತೆಗಿರಲಿ. ಕಂಡದ್ದನ್ನಷ್ಟೇ ಹೇಳಿ: 'ಅಕ್ಕಾ, ಎರಡು ವಾರದಿಂದ ಊಟ ಬಿಡ್ತಿದ್ದೀರಿ. ಪ್ರೊಡಕ್ಷನ್ ಮಾತು ಆಮೇಲೆ. ನೀವು ಹೇಗಿದ್ದೀರಿ?' ಆಮೇಲೆ ಸುಮ್ಮನಿರಿ, ಅವರು ಅತ್ತರೂ ಸರಿ. 'ಎಲ್ಲರ ಮನೇಲೂ ಇದ್ದದ್ದೇ, ಧೈರ್ಯ ತಗೊಳ್ಳಿ' ಅಂದಿರೋ, ಮಾತು ಅಲ್ಲಿಗೇ ನಿಂತಿತು. ತನ್ನ ಕಷ್ಟ ಕಷ್ಟವೇ ಅಲ್ಲ ಎಂದು ಅವರಿಗೆ ಕೇಳಿಸುತ್ತದೆ.

'ಬದುಕೇ ಬೇಡ' ಎಂಬ ಸುಳಿವು ಸಿಕ್ಕರೆ, 'ಸಾಯೋ ಯೋಚನೆ ಬರ್ತಿದೆಯಾ?' ಎಂದು ನೇರ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಪಕ್ಕದಲ್ಲೇ ಕೂತು 14416ಕ್ಕೆ ಫೋನ್ ಹಚ್ಚಿ ಕೊಡಿ. ಅದು ಟೆಲಿ-ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ. ದಿನವಿಡೀ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಜೀವಕ್ಕೆ ತಕ್ಷಣದ ಅಪಾಯವಿದ್ದರೆ 112 ಅಥವಾ 108. ಮನೆಗೆ ತಿಳಿಸುವಾಗ 'ಯಾರಿಗೆ ಹೇಳಲಿ?' ಎಂದು ಅವರನ್ನೇ ಕೇಳಿ. ತೊಂದರೆಯ ಮೂಲ ಗಂಡನೇ ಆಗಿರಬಹುದು.

ರಜೆ ಪುಸ್ತಕದಲ್ಲಿ 'ಅನಾರೋಗ್ಯ' ಅಂತಷ್ಟೇ ಬರೆಯಿರಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಮೈ ಕಾಯಿಲೆಗೆ ಮಾತ್ರ ಎಂಬ ತಪ್ಪು ತಿಳಿವಳಿಕೆಯಿಂದ ಎಷ್ಟೋ ಜನ ಸಂಬಳ ಕಳೆದುಕೊಳ್ಳುತ್ತಾರೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇದ್ದು, ಇಎಸ್‌ಐ ಡಾಕ್ಟರು ಸರ್ಟಿಫಿಕೇಟ್ ಕೊಟ್ಟರೆ, ಮನಸ್ಸಿನ ಕಾಯಿಲೆಗೂ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಸಿಗುತ್ತದೆ.

ಕೆಲಸಕ್ಕೆ ಮರಳಿದ ಮಾರನೆಯ ದಿನವೇ ಹಳೆಯ ಟಾರ್ಗೆಟ್ ಹೇರಬೇಡಿ. ಖಿನ್ನತೆಯ ಮಾತ್ರೆ ಪೂರ್ತಿ ಹಿಡಿಯಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ಕೆಲವರಿಗೆ ತೂಕಡಿಕೆ ಬರುತ್ತದೆ. ಕಟಿಂಗ್ ಮಷಿನ್ ಹತ್ತಿರ ಬಿಡದೆ, ದಾರ ಕತ್ತರಿಸುವುದೋ ಚೆಕಿಂಗೋ ಕೊಡಿ. ನೀರಿಗೆ, ಟಾಯ್ಲೆಟ್‌ಗೆ ಹೋಗುವುದನ್ನು ಯಾರಿಗೂ ತಡೆಯಬೇಡಿ: ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ನುಂಗುವವರ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಮದ್ದಿನ ಮಟ್ಟ ಏರಿ ವಿಷವಾಗಬಹುದು, ಮತ್ತು ಯಾರು ಯಾವ ಮಾತ್ರೆ ನುಂಗುತ್ತಾರೆಂಬುದು ನಿಮಗೆ ಗೊತ್ತಿರುವುದಿಲ್ಲ.

ಮ್ಯಾನೇಜರುಗಳಿಗೆ: ಭಾಷಣ ಕೇಳಿದ ಮಾತ್ರಕ್ಕೆ ಸೂಪರ್‌ವೈಸರುಗಳಿಗೆ ಇದು ಬರುವುದಿಲ್ಲ. ತಿಂಗಳಿಗೆ ಅರ್ಧ ಗಂಟೆ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಮೇಲಿನ ಮಾತುಕತೆಯನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸಿ. 14416 ಚೀಟಿಯನ್ನು ಟಾಯ್ಲೆಟ್ ಬಾಗಿಲಿನ ಒಳಬದಿಗೆ ಅಂಟಿಸಿ. ಎಚ್‌ಆರ್ ಕೋಣೆಯ ಪಕ್ಕದ ನೋಟಿಸ್ ಬೋರ್ಡಿನ ಮುಂದೆ ನಿಂತು ಆ ನಂಬರ್ ಬರೆದುಕೊಳ್ಳಲು ಎಲ್ಲರೂ ಹೆದರುತ್ತಾರೆ.